ಶಾನುಭೋಗರ ಮಗ್ಗುಲ ಚಾಪೆ

ಶಿವಮೊಗ್ಗೆಯಿಂದ ಭದ್ರಾವತಿಯ ಕಡೆಗೆ ಹೊರಟ ಪ್ರಯಾಣಿಕನು, ತುಂಗೆಯ ಊರನ್ನು ಹಿಂದಿಕ್ಕಿ ಭದ್ರೆಯ ಊರನ್ನು ಇನ್ನೂ ಮುಟ್ಟದಿರುವ ನಡುದಾರಿಯಲ್ಲಿ ಕಾಣುವ ಮಾಚೇನಹಳ್ಳಿಯನ್ನು, ಅಲ್ಲಿಯ ಕೈಗಾರಿಕಾ ಪ್ರದೇಶದಿಂದಲೋ, ಹಾಲು ಒಕ್ಕೂಟದ ಡೇರಿಯಿಂದಲೋ, ರಾಜ್ಯ ಮೀಸಲು ಪೊಲೀಸ್ ಪಡೆಯ 8ನೆಯ ಬೆಟಾಲಿಯನ್ನಿನ ನೆಲೆಯಿಂದಲೋ ಗುರುತಿಸುವುದು ವಾಡಿಕೆ. ಸ್ಥಳೀಯ ಸ್ವರಾಜ್ಯದ ವಿಷಯದಲ್ಲಿ ಆಸಕ್ತಿಯುಳ್ಳ ನನಗೆ ಆ ಊರು ಮತ್ತೊಂದು ಕಾರಣದಿಂದ ಪ್ರಿಯವಾದುದು. ಅದರ ಪಶ್ಚಿಮಕ್ಕೆ 2013ರಲ್ಲಿ ಮಹಾನಗರ ಪಾಲಿಕೆಯ ಪದವಿಯನ್ನು ಪಡೆದ ಶಿವಮೊಗ್ಗ; ಪೂರ್ವಕ್ಕೆ ನಗರಸಭೆಯ ಆಡಳಿತದಲ್ಲಿರುವ ಭದ್ರಾವತಿ; ನಡುವಣ ಹಳ್ಳಿಗಳಿಗೆ ಗ್ರಾಮ ಪಂಚಾಯತಿಗಳು; ಇವೆಲ್ಲದರ ಬೆಳವಣಿಗೆಗೆ ನಕ್ಷೆ ಹಾಕಲೆಂದು ಎರಡೂ ಊರುಗಳ ಹೆಸರನ್ನು ಕೂಡಿಸಿ ಇಟ್ಟುಕೊಂಡಿರುವ ಒಂದು ನಗರಾಭಿವೃದ್ಧಿ ಪ್ರಾಧಿಕಾರ. ನಮ್ಮ ರಾಜ್ಯದಲ್ಲಿ ಸ್ಥಳೀಯ ಸರ್ಕಾರವೆಂಬುದು ತಾಳಬಹುದಾದ ಮುಖ್ಯ ರೂಪಗಳೆಲ್ಲವೂ ಇಷ್ಟು ಕಿರಿದಾದ ದಾರಿಯೊಂದರಲ್ಲಿ ಕೈಗೆ ಕೈ ತಾಗಿಸಿಕೊಂಡು ನಿಂತಿರುವುದನ್ನು ನೋಡಿದಾಗಲೆಲ್ಲ, ಇಲ್ಲಿ ಹುಟ್ಟಿ ಬೆಳೆದ ಒಬ್ಬ ಹುಡುಗನೋ ಹುಡುಗಿಯೋ ಈ ಸಂಸ್ಥೆಗಳ ಸೇವೆಯನ್ನೇ ತನ್ನ ಜೀವನವೃತ್ತಿಯನ್ನಾಗಿ ಆರಿಸಿಕೊಳ್ಳಬಯಸಿದರೆ ಮೊದಲ ಹೆಜ್ಜೆಯನ್ನು ಎಲ್ಲಿ ಇಡಬೇಕು ಎಂಬ ಪ್ರಶ್ನೆ ನನ್ನ ಮನಸ್ಸಿನಲ್ಲಿ ಏಳುತ್ತದೆ.

ಕಾರ್ಖಾನೆಯ ವಿಷಯದಲ್ಲಾದರೆ ಈ ಪ್ರಶ್ನೆಗೆ ಈ ಸೀಮೆಯಲ್ಲಿ ಉತ್ತರವು ಮೂರು ತಲೆಮಾರಿನಿಂದ ಸಿದ್ಧವಾಗಿದೆ. 1923ರಲ್ಲಿ ಭದ್ರಾವತಿಯ ಊದುಕುಲುಮೆಯಲ್ಲಿ ಕಬ್ಬಿಣ ಕರಗಿ ಹರಿಯತೊಡಗಿದ ಮೇಲೆ, ಆ ಕಾರ್ಖಾನೆಯ ಆಡಳಿತ ಮಂಡಲಿಯ ಅಧ್ಯಕ್ಷತೆಯನ್ನು ವಹಿಸಿದ ಸರ್ ಎಂ. ವಿಶ್ವೇಶ್ವರಯ್ಯನವರು ಪರದೇಶದ ತಜ್ಞರ ಸ್ಥಾನದಲ್ಲಿ ನಮ್ಮವರನ್ನೇ ತಂದು ನಿಲ್ಲಿಸಬೇಕೆಂದು ಪಟ್ಟುಹಿಡಿದುದರ ಫಲವಾಗಿ, ಕೆಲಸವನ್ನು ಕೆಲಸದ ಜಾಗದಲ್ಲೇ ಕಲಿಯುವುದೆಂಬುದು ಈ ಊರಿನ ಸ್ವಭಾವವೇ ಆಯಿತು. ‘ಅಪ್ರೆಂಟಿಸ್’ ಎಂಬ ಪರಭಾಷೆಯ ಮಾತು ಭದ್ರಾವತಿಯ ಮನೆಗಳಲ್ಲಿ ಅಡುಗೆಮನೆಯವರೆಗೂ ಬಂದು ಬಳಕೆಯಾದುದು ಹೀಗೆ. ಮಗ ಅಪ್ರೆಂಟಿಸ್ ಮುಗಿಸಿದನೆಂದರೆ ಅವನ ಕೈಗೆ ಒಂದು ಕಸುಬು ಹತ್ತಿತೆಂದು ತಾಯಿ ತಿಳಿಯುತ್ತಿದ್ದಳು. ಕಬ್ಬಿಣದ ಕಾರ್ಖಾನೆ ಇಂದು ಕ್ಷೀಣಿಸಿದೆ, 1936ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆ ಮೌನವಾಗಿದೆ. ಆದರೂ ಮಾಚೇನಹಳ್ಳಿಯ ಶೆಡ್ಡುಗಳಲ್ಲಿ ಐ.ಟಿ.ಐ. ಮುಗಿಸಿದ ಹುಡುಗರು ಹಿರಿಯ ಕೆಲಸಗಾರನ ಪಕ್ಕದಲ್ಲಿ ನಿಂತು ಯಂತ್ರದ ಭಾಷೆಯನ್ನು ಕಲಿಯುವ ಕ್ರಮ ಮಾತ್ರ ನಿಂತಿಲ್ಲ. ಪೊಲೀಸ್ ಪಡೆಯ ಸಂಗತಿಯೂ ಅಂತೆಯೇ. ನೇಮಕವಾದ ಯುವಕನಿಗೆ ತಿಂಗಳುಗಟ್ಟಲೆ ಕವಾಯತು, ಕಾನೂನು, ಆಯುಧದ ಶಿಕ್ಷಣ ನಡೆದ ಹೊರತು ಅವನನ್ನು ಯಾರೂ ಬೀದಿಯ ಬಂದೋಬಸ್ತಿಗೆ ಕಳುಹಿಸುವುದಿಲ್ಲ.

ಇನ್ನು ಸ್ಥಳೀಯ ಸಂಸ್ಥೆಗಳ ಕಡೆಗೆ ಬರೋಣ. ಪದವಿ ಮುಗಿಸಿದ ಮಗಳು ಪಂಚಾಯತಿಯಲ್ಲಿ ಕೆಲಸ ಮಾಡುವ ಆಸೆಯನ್ನು ಹೇಳಿಕೊಂಡರೆ ನಾವು ಕೊಡುವ ಬುದ್ಧಿವಾದ ಒಂದೇ, ‘ಪರೀಕ್ಷೆ ಕಟ್ಟು’ ಎಂಬುದು. ಕಟ್ಟಬೇಕಾದುದು ನಿಜ. ಗ್ರಾಮ ಪಂಚಾಯತಿಯ ಅಭಿವೃದ್ಧಿ ಅಧಿಕಾರಿಯ, ಅಂದರೆ ಪಿ.ಡಿ.ಒ. ಹುದ್ದೆಗೆ ಪದವಿಯೂ ಸ್ಪರ್ಧಾತ್ಮಕ ಪರೀಕ್ಷೆಯೂ ಬೇಕು. 2024ರಲ್ಲಿ ಕರ್ನಾಟಕ ಲೋಕಸೇವಾ ಆಯೋಗವು ಕಲ್ಯಾಣ ಕರ್ನಾಟಕದ ಭಾಗವನ್ನೂ ಒಳಗೊಂಡು 247 ಹುದ್ದೆಗಳಿಗೆ ಅರ್ಜಿ ಕರೆದಾಗ, ಆ ಸಂಖ್ಯೆಗೂ ಅರ್ಜಿದಾರರ ಸಮೂಹಕ್ಕೂ ಇದ್ದ ಅಂತರವನ್ನು ಕಂಡವರಿಗೆ, ಎಷ್ಟು ಸಾವಿರ ಮಂದಿ ತರುಣರ ಎಷ್ಟು ವರ್ಷಗಳು ಬಾಡಿಗೆ ಕೋಣೆಗಳಲ್ಲಿಯೂ ಗ್ರಂಥಾಲಯದ ಬೆಂಚುಗಳ ಮೇಲೂ ಕಳೆಯುತ್ತವೆಂಬುದು ಅರಿವಾಗದಿರದು. ಪರೀಕ್ಷೆಯ ಬಗ್ಗೆ ನನಗೆ ಅನಾದರವಿಲ್ಲ. ಅದರ ಹಿರಿಮೆಯನ್ನು ಮುಂದೆ ಹೇಳುವೆನು. ಆದರೆ ಆಯ್ಕೆಯಾದವರಿಗೆ ಮೈಸೂರಿನ ಅಬ್ದುಲ್ ನಜೀರ್ ಸಾಬ್ ಸಂಸ್ಥೆಯಂಥ ಕಡೆಗಳಲ್ಲಿ ದೊರೆಯುವ ಬುನಾದಿ ತರಬೇತಿ, ಎರಡು ವರ್ಷಕ್ಕೆ ಕಡಿಮೆಯಿಲ್ಲದ ಪರೀಕ್ಷಾರ್ಥ ಅವಧಿ, ಆ ಅವಧಿಯೊಳಗೆ ಮುಗಿಸಬೇಕಾದ ಇಲಾಖಾ ಪರೀಕ್ಷೆಗಳು, ಇವೆಲ್ಲವೂ ಅಧಿಕಾರವು ಕೈಗೆ ಬಂದ ಮೇಲೆ ನಡೆಯತಕ್ಕವು. ಪಂಚಾಯತಿಯ ಕಟ್ಟಡದ ಒಳಗನ್ನು ಒಮ್ಮೆಯೂ ಸಮಾಧಾನವಾಗಿ ನೋಡದಿದ್ದ ವ್ಯಕ್ತಿ ಒಂದು ಬೆಳಗ್ಗೆ ಆ ಕಟ್ಟಡದ ಮುಖ್ಯ ಕುರ್ಚಿಯಲ್ಲಿ ಕುಳಿತು, ಸಾವಿರಾರು ಜನರ ನೀರು, ದೀಪ, ಮನೆ, ಖಾತೆ ಇವುಗಳಿಗೆ ಸಹಿ ಹಾಕತೊಡಗುವುದು ನಮ್ಮ ಕ್ರಮವಾಗಿದೆ.

ಆ ಕುರ್ಚಿಯ ಮುಂದೆ ಬರುವ ಕೆಲಸವಾದರೂ ಎಂಥದು? ಬೆಳಗಿನ ಹೊತ್ತು ಒಬ್ಬ ವೃದ್ಧೆ ಬಂದು ತನ್ನ ಮನೆಗೆ ‘ನಮೂನೆ ಒಂಬತ್ತು’ ಬೇಕೆನ್ನುತ್ತಾಳೆ. ಇ-ಸ್ವತ್ತು ತಂತ್ರಾಂಶದಲ್ಲಿ ಅದನ್ನು ತೆಗೆಯುವುದು ನಾಲ್ಕು ಗುಂಡಿಗಳನ್ನೊತ್ತುವ ಕೆಲಸವೆಂದು ಹೊರಗಿನವರು ಭಾವಿಸಬಹುದು. ಆದರೆ ಆ ಮನೆ ಗ್ರಾಮಠಾಣಾ ಎಲ್ಲೆಯೊಳಗೆ ಇದೆಯೋ ಹೊರಗೋ, ಗಂಡನ ಹೆಸರಿನಲ್ಲಿದ್ದ ಖಾತೆ ಅಣ್ಣತಮ್ಮಂದಿರಲ್ಲಿ ಹೇಗೆ ಹಂಚಿಹೋಗಿದೆ, ಚಕ್ಕುಬಂದಿಯಲ್ಲಿ ಬರೆದ ಹುಣಿಸೆಮರ ಈಗಲೂ ಇದೆಯೋ ಕಡಿದುಹೋಯಿತೋ ಎಂಬ ಸಂಗತಿಗಳನ್ನು ಯಾವ ಮಾರ್ಗದರ್ಶಿ ಪುಸ್ತಕವೂ ಕಲಿಸದು. ಅದು ಮುಗಿಯುವ ಮುನ್ನ ನೀರುಗಂಟಿ ಬಂದು ಮೋಟಾರು ಸುಟ್ಟಿತೆನ್ನುತ್ತಾನೆ. ಉದ್ಯೋಗ ಖಾತರಿಯ ಕೂಲಿಕಾರರ ಹಾಜರಿಪಟ್ಟಿ, ಕಾಮಗಾರಿಯ ಅಳತೆಯನ್ನು ಬರೆದಿಡುವ ಎಂ.ಬಿ. ಪುಸ್ತಕದೊಡನೆ ಹೊಂದಬೇಕು. ತೆರಿಗೆಯ ಬೇಡಿಕೆ, ವಸೂಲಿ, ಬಾಕಿಗಳ ತಃಖ್ತೆ ತಾಲ್ಲೂಕು ಪಂಚಾಯತಿಗೆ ಹೋಗಬೇಕು. ನಿನ್ನೆಯ ಸಭೆಯ ನಡವಳಿಯನ್ನು ಬರೆಯುವಾಗ, ಒಬ್ಬ ಸದಸ್ಯರು ಆಡಿದ ಬಿರುಸು ಮಾತನ್ನು ಎಷ್ಟರಮಟ್ಟಿಗೆ ದಾಖಲಿಸುವುದು ನ್ಯಾಯವೆಂಬುದನ್ನು ನಿರ್ಧರಿಸಬೇಕು. ನಗರಸಭೆಯಲ್ಲಾದರೆ ಇವುಗಳ ಜಾಗದಲ್ಲಿ ಕಟ್ಟಡದ ಪರವಾನಿಗೆ, ಸ್ವಯಂಘೋಷಿತ ಆಸ್ತಿತೆರಿಗೆ, ಒಳಚರಂಡಿ, ಕಸವಿಲೇವಾರಿ, ಬೀದಿಬದಿಯ ವ್ಯಾಪಾರಿಗಳು. ಸಕಾಲ ಕಾಯಿದೆ ಬಂದ ಮೇಲಂತೂ ಪ್ರತಿಯೊಂದು ಸೇವೆಗೂ ದಿನಗಳ ಎಣಿಕೆಯಿದೆ. ಈ ಕೆಲಸಕ್ಕೆ ಕಾನೂನಿನ ಜ್ಞಾನ ಅವಶ್ಯವೇ ಸರಿ. ಅದರೊಡನೆ ಕುಂಬಾರನಿಗೆ ಮಣ್ಣಿನ ಹದ ತಿಳಿದಿರುವಂತೆ ಊರಿನ ಹದ ತಿಳಿದಿರಬೇಕಾದುದೂ ಅಷ್ಟೇ ಅವಶ್ಯ. ಹದವನ್ನು ಬಲ್ಲವರ ಪಕ್ಕದಲ್ಲಿ ಕುಳಿತು ಕಲಿಯಬೇಕು.

ಹಿಂದಿನವರಿಗೆ ಇದು ಗೊತ್ತಿತ್ತು. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಶಾನುಭೋಗರು ತಮ್ಮ ಮನೆಯ ಜಗುಲಿಯ ಮೇಲೆ ಲೆಕ್ಕ ಬರೆಯುವಾಗ ಅವರ ಮಗ್ಗುಲಲ್ಲಿ ಒಂದು ಚಾಪೆ ಇರುತ್ತಿತ್ತು. ಅದರ ಮೇಲೆ ಅವರ ಮಗನೋ ತಮ್ಮನ ಮಗನೋ ಕುಳಿತು, ಕಡತವನ್ನು ಮಡಿಸುವುದು, ಬಿಚ್ಚುವುದು, ಬಳಪ ಹಿಡಿಯುವುದು, ಇವುಗಳಿಂದ ಪ್ರಾರಂಭಿಸಿ, ಹತ್ತಾರು ವರ್ಷಗಳಲ್ಲಿ ಊರಿನ ಒಂದೊಂದು ಹೊಲದ ಬದುವನ್ನೂ ಒಂದೊಂದು ಮನೆತನದ ವ್ಯಾಜ್ಯವನ್ನೂ ಮನನ ಮಾಡಿಕೊಳ್ಳುತ್ತಿದ್ದನು. ಕಡತವೆಂದರೆ ಇಂದಿನ ಕಚೇರಿಯ ಫೈಲು ಎಂದಷ್ಟೇ ತಿಳಿದಿರುವ ಕಿರಿಯರು, ಅದು ಇದ್ದಿಲ ಕಪ್ಪನ್ನು ಬಳಿದು ಹದಗೊಳಿಸಿದ ಬಟ್ಟೆಯ ಮಡಿಕೆಪುಸ್ತಕವಾಗಿದ್ದಿತೆಂಬುದನ್ನು ನೆನೆಯಬೇಕು. ತಾಲ್ಲೂಕು ಕಚೇರಿಗಳಲ್ಲಿಯೂ ಇದೇ ಬಗೆಯ ಮತ್ತೊಂದು ಪದ್ಧತಿಯಿತ್ತು. ಅದಕ್ಕೆ ಉಮೇದುವಾರಿ ಎಂದು ಹೆಸರು. ಕೆಲಸದ ಆಸೆಯುಳ್ಳ ತರುಣನು ಸಂಬಳವಿಲ್ಲದೆ ಗುಮಾಸ್ತರ ಬಳಿ ಕುಳಿತು, ನಕಲು ತೆಗೆದು, ಲೆಕ್ಕ ಕೂಡಿಸಿ, ಯಾವಾಗಲಾದರೂ ಒಂದು ಸ್ಥಾನ ತೆರವಾದರೆ ತನ್ನ ಪಾಲಿಗೆ ಬಂದೀತೆಂದು ಕಾಯುತ್ತಿದ್ದನು. ಇಂದು ಚುನಾವಣೆಗೆ ನಿಂತವರನ್ನು ಉಮೇದುವಾರರೆನ್ನುವ ನಮಗೆ, ಆ ಮಾತಿನ ಹಿಂದೆ ಹಸಿದ ಹೊಟ್ಟೆಯ ಅಷ್ಟೊಂದು ಕಾಯುವಿಕೆ ಇದ್ದುದು ಮರೆತುಹೋಗಿದೆ.

ಆ ಚಾಪೆಯನ್ನು ನಾನು ಕೊಂಡಾಡುತ್ತಿರುವೆನೆಂದು ಓದುಗರು ತಪ್ಪು ತಿಳಿಯಬಾರದು. ಅದರ ಮೇಲೆ ಕುಳಿತುಕೊಳ್ಳುವ ಹಕ್ಕು ಹುಟ್ಟಿನಿಂದ ಬರುತ್ತಿತ್ತು. ಊರಿನ ಒಕ್ಕಲಿಗನ ಮಗನಿಗೆ, ಕೇರಿಯ ಹುಡುಗನಿಗೆ, ಯಾವ ಜಾತಿಯ ಹೆಣ್ಣುಮಗಳಿಗೂ ಅಲ್ಲಿ ಎಡೆಯಿರಲಿಲ್ಲ. ಉಮೇದುವಾರಿಯಲ್ಲಿಯೂ ಸಂಬಳವಿಲ್ಲದೆ ವರ್ಷಗಟ್ಟಲೆ ಬಾಳಬಲ್ಲವನಿಗೆ ಮಾತ್ರ ಪ್ರವೇಶ. ಈ ಅನ್ಯಾಯವನ್ನು ಮುರಿದ ಆಯುಧಗಳಲ್ಲಿ ಪರೀಕ್ಷೆಯೂ ಒಂದೆಂಬುದೇ ಅದರ ಹಿರಿಮೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1891ರಲ್ಲಿ, ಮೈಸೂರು ಸಿವಿಲ್ ಸರ್ವಿಸಿಗೆ ಸ್ಪರ್ಧಾಪರೀಕ್ಷೆ ಪ್ರಾರಂಭವಾಯಿತು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಆ ದಾರಿಯಿಂದಲೇ ಸೇವೆಗೆ ಬಂದವರು. ಆದರೆ ಹಳ್ಳಿಯ ಮಟ್ಟದಲ್ಲಿ ವಂಶಪಾರಂಪರ್ಯದ ಬೇರು ಕಡಿಯಲು ಇನ್ನೂ ಎಪ್ಪತ್ತು ವರ್ಷ ಬೇಕಾಯಿತು. 1961ರ ಮೈಸೂರು ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆ 1963ರ ಫೆಬ್ರವರಿಯಲ್ಲಿ ಜಾರಿಗೆ ಬಂದು, ಶಾನುಭೋಗಿಕೆ, ಪಟೇಲಿಕೆಗಳು ಒಂದೇ ಏಟಿಗೆ ಚರಿತ್ರೆಗೆ ಸೇರಿದುವು. ಆಗಬೇಕಾದುದೇ ಆಯಿತು. ಆದರೆ ವಂಶದ ಹಕ್ಕನ್ನು ಹೊರಹಾಕುವ ಆ ಸಂಭ್ರಮದಲ್ಲಿ, ಮಗ್ಗುಲಲ್ಲಿ ಕುಳಿತು ಕಲಿಯುವ ಚಾಪೆಯನ್ನೂ ನಾವು ಸುತ್ತಿ ಹೊರಗೆಸೆದೆವು. ಎಲ್ಲರಿಗೂ ಹಾಸಬೇಕಾಗಿದ್ದ ಚಾಪೆ ಯಾರಿಗೂ ಇಲ್ಲದಂತಾಯಿತು.

ಸ್ವಾರಸ್ಯವಾದ ಸಂಗತಿಯೆಂದರೆ, ಅದೇ 1961ರಲ್ಲಿ ನಮ್ಮ ಸಂಸತ್ತು ಮತ್ತೊಂದು ಕಾಯಿದೆಯನ್ನು ಮಾಡಿ, ಜಾತಿಮತಗಳ ಭೇದವಿಲ್ಲದೆ ಎಲ್ಲರಿಗೂ ಸಲ್ಲುವ ಇನ್ನೊಂದು ಚಾಪೆಯನ್ನು ನೇಯ್ದುಕೊಟ್ಟಿತು. ಅದೇ ಅಪ್ರೆಂಟಿಸ್ ಕಾಯಿದೆ. ಜಾರಿಗೆ ಬಂದುದು 1962ರ ಮಾರ್ಚಿಯಲ್ಲಿ. ನಮ್ಮ ಸರ್ಕಾರಿ ಪ್ರಕಟಣೆಗಳು ಅಪ್ರೆಂಟಿಸನ್ನು ‘ಶಿಶಿಕ್ಷು’ ಎಂದೂ, ಅವನಿಗೆ ಕೊಡುವ ಹಣವನ್ನು ‘ಶಿಷ್ಯವೇತನ’ ಎಂದೂ ಕರೆಯುತ್ತವೆ. ಕಲಿಯಲಿಚ್ಛಿಸುವವನು ಎಂಬ ಅರ್ಥದ ಮೊದಲನೆಯ ಮಾತು ನಾಲಿಗೆಗೆ ತೊಡಕಾದರೂ, ಎರಡನೆಯದು ನಮ್ಮ ಭಾಷೆಯ ಸುಂದರವಾದ ಸೃಷ್ಟಿಗಳಲ್ಲೊಂದೆಂದು ನನಗೆ ತೋರುತ್ತದೆ. ಗುರುವೇ ಶಿಷ್ಯನಿಗೆ ಸಂಬಳ ಕೊಡುವ ಈ ವ್ಯವಸ್ಥೆಯಲ್ಲಿ ಉಮೇದುವಾರಿಯ ಹಸಿವು ಇಲ್ಲ. 2019ರಲ್ಲಿ ತಿದ್ದಿದ ನಿಯಮಗಳ ಪ್ರಕಾರ ಪದವೀಧರ ಶಿಶಿಕ್ಷುವಿಗೆ ತಿಂಗಳಿಗೆ 9,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 8,000 ರೂಪಾಯಿ ಕನಿಷ್ಠವೆಂದು ನಿಗದಿಯಾಯಿತು. ಪದವಿ ಮತ್ತು ಡಿಪ್ಲೊಮಾದವರ ಶಿಷ್ಯವೇತನದ ಕನಿಷ್ಠ ಮೊತ್ತದಲ್ಲಿ ಅರ್ಧವನ್ನು ಕೇಂದ್ರ ಸರ್ಕಾರವು ಭರಿಸುವ ಯೋಜನೆಯೂ ಇದೆ. ಮೂವತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಉದ್ಯಮವು ತನ್ನ ನೌಕರರ ಸಂಖ್ಯೆಯ ಶೇಕಡಾ 2.5ರಿಂದ 15ರವರೆಗೆ ಶಿಶಿಕ್ಷುಗಳನ್ನು ತೆಗೆದುಕೊಳ್ಳಲೇಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆಗಳು ಇಷ್ಟವಿದ್ದರೆ ತೆಗೆದುಕೊಳ್ಳಬಹುದು. ಕರಾರನ್ನು ಬರೆದು ನೋಂದಾಯಿಸತಕ್ಕದ್ದು. ಪರಿಶಿಷ್ಟ ಜಾತಿ, ಪಂಗಡಗಳಿಗೂ ಹಿಂದುಳಿದ ವರ್ಗಗಳಿಗೂ ಮೀಸಲು ಸ್ಥಾನಗಳುಂಟು. ಶಿಶಿಕ್ಷುವು ಕಲಿಯುವವನೇ ಹೊರತು ಕಾರ್ಮಿಕನಲ್ಲವೆಂದು ಕಾಯಿದೆ ಸ್ಪಷ್ಟವಾಗಿ ಹೇಳುತ್ತದೆ. ಅವಧಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ನಿರ್ಬಂಧವನ್ನೂ ಹೇರುವುದಿಲ್ಲ. ಈ ಕೊನೆಯ ಮಾತು ಕಠಿಣವಾಗಿ ಕಂಡರೂ ಪ್ರಾಮಾಣಿಕವಾದುದು.

ಈ ಚಾಪೆಯನ್ನು ನಮ್ಮ ಪಾಲಿಕೆ, ನಗರಸಭೆ, ಪಂಚಾಯತಿಗಳ ನೆಲದ ಮೇಲೆ ಹಾಸಬಹುದೆ? ಈ ಕಾಯಿದೆಯನ್ನು ಕಾರ್ಖಾನೆಗಳಿಗಾಗಿ ಮಾಡಿದ್ದೆಂದು ನಂಬಿದವರು ಬಹಳ. ಆದರೆ ಎಲೆಕ್ಟ್ರಿಷಿಯನ್, ಪ್ಲಂಬರ್, ಸಿವಿಲ್ ನಕ್ಷೆಗಾರ, ಸರ್ವೇಯರ್, ಕಂಪ್ಯೂಟರ್ ಆಪರೇಟರ್, ಆರೋಗ್ಯ ನಿರೀಕ್ಷಕ ಎಂಬ ವೃತ್ತಿಗಳ ಹೆಸರುಗಳನ್ನು ಒಂದಾದ ಮೇಲೊಂದರಂತೆ ಓದುತ್ತ ಹೋದರೆ, ನಾವು ಓದುತ್ತಿರುವುದು ಐ.ಟಿ.ಐ. ಪಟ್ಟಿಯೋ ನಗರಸಭೆಯೊಂದರ ಸಿಬ್ಬಂದಿ ಪಟ್ಟಿಯೋ ಎಂಬ ಭ್ರಮೆಯುಂಟಾಗುವುದು ಸಹಜ. ಗುಜರಾತಿನ ಅಹಮದಾಬಾದು ಮೊದಲಾದ ಮಹಾನಗರ ಪಾಲಿಕೆಗಳು ಈ ಕಾಯಿದೆಯ ಅಡಿಯಲ್ಲಿ ಶಿಶಿಕ್ಷುಗಳನ್ನು ತೆಗೆದುಕೊಳ್ಳುತ್ತಿವೆ. ನಮ್ಮ ಜಿಲ್ಲೆಗೆ ವಿದ್ಯುತ್ತು ಕೊಡುವ ಮೆಸ್ಕಾಂ ಕಂಪನಿಯು ಎಂಜಿನಿಯರಿಂಗ್ ಪದವೀಧರರನ್ನೂ ಡಿಪ್ಲೊಮಾದವರನ್ನೂ ಇದರ ಮೂಲಕ ಕರೆಯುವುದುಂಟು. ಅಷ್ಟೇ ಅಲ್ಲ, ವಿದ್ಯುತ್ ಕಂಪನಿಗಳು ಕಿರಿಯ ಪವರ್‌ಮ್ಯಾನ್‌ಗಳನ್ನು ಎಸ್.ಎಸ್.ಎಲ್.ಸಿ. ಅಂಕಗಳ ಮೇಲೆ ಆರಿಸಿ, ಕಂಬ ಹತ್ತಿಸಿ ನೋಡಿ, ಮೂರು ವರ್ಷ ತರಬೇತಿಯಲ್ಲಿಟ್ಟುಕೊಂಡು ಅನಂತರ ಖಾಯಂ ಶ್ರೇಣಿಗೆ ತರುವ ಕ್ರಮವನ್ನಿರಿಸಿಕೊಂಡಿವೆ. ಕಂಬ ಹತ್ತುವವನಿಗೆ ಮೂರು ವರ್ಷದ ತರಬೇತಿ ಬೇಕಾದರೆ, ಊರಿಗೆ ಊರೇ ಕುಡಿಯುವ ನೀರಿಗೆ ಕ್ಲೋರಿನ್ ಬೆರೆಸುವವನಿಗೆ ಮೂರು ತಿಂಗಳದಾದರೂ ಬೇಡವೆ?

ಕೇಂದ್ರ ಸರ್ಕಾರವು 2020ರ ಜೂನಿನಲ್ಲಿ ತಾಂತ್ರಿಕ ಶಿಕ್ಷಣ ಪರಿಷತ್ತಿನೊಡನೆ ಸೇರಿ ‘ಟ್ಯುಲಿಪ್’ ಎಂಬ ಹೆಸರಿನಲ್ಲಿ ಹೊಸ ಪದವೀಧರರಿಗೆ ನಗರ ಸಂಸ್ಥೆಗಳಲ್ಲಿಯೂ ಸ್ಮಾರ್ಟ್ ಸಿಟಿಗಳಲ್ಲಿಯೂ ಕೆಲಸ ಕಲಿಯುವ ಅವಕಾಶವನ್ನು ಘೋಷಿಸಿತು; 2016ರಲ್ಲಿಯೇ ಸ್ಮಾರ್ಟ್ ಸಿಟಿಯಾಗಿ ಆರಿಸಲ್ಪಟ್ಟ ಶಿವಮೊಗ್ಗೆಗೆ ಇದು ಹೇಳಿಮಾಡಿಸಿದಂಥದು. ಆದರೂ ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಜಗುಲಿಯಲ್ಲಿ ಸಾಫ್ಟ್‌ವೇರ್ ಕಂಪನಿಗಳ ಇಂಟರ್ನ್‌ಶಿಪ್ಪಿನ ಮಾತು ಕೇಳುವಷ್ಟು ಪಾಲಿಕೆಯ ಮಾತು ಕೇಳಿಬರುವುದಿಲ್ಲ. 2024ರ ಜನವರಿ 12ರಂದು ಇದೇ ಶಿವಮೊಗ್ಗೆಯಲ್ಲಿ ರಾಜ್ಯ ಸರ್ಕಾರವು ಯುವನಿಧಿ ಯೋಜನೆಗೆ ಚಾಲನೆ ಕೊಟ್ಟು, ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500 ರೂಪಾಯಿಯಂತೆ ಗರಿಷ್ಠ ಎರಡು ವರ್ಷ ಕೊಡುವ ವ್ಯವಸ್ಥೆ ಮಾಡಿತು. ಕಷ್ಟದಲ್ಲಿರುವ ಮನೆಗೆ ಆ ಹಣ ಸಣ್ಣದಲ್ಲ. ಅದನ್ನು ಪಡೆಯುವ ಎರಡು ವರ್ಷಗಳಲ್ಲಿ ಒಂದನ್ನಾದರೂ ತನ್ನ ಊರಿನ ಪಂಚಾಯತಿಯಲ್ಲಿ ಶಿಷ್ಯವೇತನ ಪಡೆದು ಕಲಿಯುತ್ತ ಕಳೆಯುವ ದಾರಿ ಆ ತರುಣನ ಎದುರಿಗೆ ತೆರೆದಿದ್ದರೆ ಎಷ್ಟು ಚೆನ್ನಾಗಿದ್ದೀತೆಂದು ನನಗೆ ಅನಿಸಿದೆ.

ಹೊರಗಿನ ದೇಶಗಳಲ್ಲಿ ಜರ್ಮನಿಯ ರೀತಿಯನ್ನು ಇಲ್ಲಿ ಸ್ಮರಿಸಬೇಕು. ಅಲ್ಲಿ ಪೌರಸಭೆಯ ಗುಮಾಸ್ತಿಕೆಯೂ ಬಡಗಿತನದಂತೆ, ಗಡಿಯಾರದ ಕೆಲಸದಂತೆ, ಶಾಸ್ತ್ರೋಕ್ತವಾಗಿ ಕಲಿಯಬೇಕಾದ ಒಂದು ಕಸುಬು. ಶಾಲೆ ಮುಗಿಸಿದ ಹುಡುಗಿಯೊಬ್ಬಳು ತನ್ನ ಊರಿನ ಪೌರಸಭೆಯೊಡನೆ ಮೂರು ವರ್ಷದ ಕರಾರು ಮಾಡಿಕೊಂಡು, ಕೆಲವು ಕಾಲ ವೃತ್ತಿಶಾಲೆಯಲ್ಲಿ ಕಾನೂನನ್ನೂ ಲೆಕ್ಕವನ್ನೂ ಓದುತ್ತ, ಕೆಲವು ಕಾಲ ಕಚೇರಿಯಲ್ಲಿ ತೆರಿಗೆಯ ವಿಭಾಗದಿಂದ ಜನನಮರಣದ ವಿಭಾಗಕ್ಕೆ, ಅಲ್ಲಿಂದ ಕಟ್ಟಡದ ವಿಭಾಗಕ್ಕೆ ಸುತ್ತುತ್ತ, ಕೊನೆಗೆ ಪರೀಕ್ಷೆ ಕೊಟ್ಟು ಅರ್ಹತಾಪತ್ರ ಪಡೆಯುತ್ತಾಳೆ. ಆಸ್ಟ್ರೇಲಿಯಾದ ಊರಾಡಳಿತಗಳು ಕೈಕಸುಬಿನವರಿಗೆ ಅಪ್ರೆಂಟಿಸ್ ಎಂದೂ, ಕಚೇರಿ, ಗ್ರಂಥಾಲಯ, ಮಕ್ಕಳ ಪಾಲನೆ ಇತ್ಯಾದಿ ಕೆಲಸದವರಿಗೆ ಟ್ರೈನಿ ಎಂದೂ ಬೇರೆ ಬೇರೆ ಹೆಸರಿಟ್ಟು ಇಬ್ಬರನ್ನೂ ಸಂಬಳ ಕೊಟ್ಟು ಕಲಿಸುತ್ತವೆ. ಪರೀಕ್ಷೆಯೂ ಅಭ್ಯಾಸವೂ ಅಲ್ಲಿ ವಿರೋಧಿಗಳಲ್ಲ. ಅಭ್ಯಾಸ ಮೊದಲು, ಪರೀಕ್ಷೆ ಆಮೇಲೆ ಎಂಬ ಕ್ರಮದಲ್ಲಿ ಅವುಗಳ ಸ್ನೇಹವಾಗಿದೆ.

ಇಷ್ಟನ್ನು ಹೇಳಿದ ಮೇಲೆ ಅಪಾಯಗಳನ್ನು ಮುಚ್ಚಿಡುವುದು ಧರ್ಮವಲ್ಲ. ಉಮೇದುವಾರಿಯು ಸತ್ತಿತೆಂದು ನಾವು ತಿಳಿದಿದ್ದರೂ, ಅದು ಹೊರಗುತ್ತಿಗೆ, ದಿನಗೂಲಿ, ತಾತ್ಕಾಲಿಕ ಎಂಬ ವೇಷಗಳಲ್ಲಿ ನಮ್ಮ ಕಚೇರಿಗಳಲ್ಲಿ ಓಡಾಡುತ್ತಲೇ ಇದೆ. ಇಂದೋ ನಾಳೆಯೋ ಖಾಯಂ ಆದೀತೆಂಬ ಆಸೆಯಿಂದ ಅಲ್ಪಸಂಬಳಕ್ಕೆ ಹತ್ತು ಹದಿನೈದು ವರ್ಷ ದುಡಿದವರ ಸಂಕಟ ಯಾವ ಊರಿಗೂ ಹೊಸದಲ್ಲ. ಈ ವಿಷಯದಲ್ಲಿ ದೇಶಕ್ಕೇ ದಾರಿಗಲ್ಲಾದ ತೀರ್ಪು ನಮ್ಮ ಕರ್ನಾಟಕದಿಂದಲೇ ಹೋದ ಮೊಕದ್ದಮೆಯದು. ವಾಣಿಜ್ಯ ತೆರಿಗೆ ಇಲಾಖೆಯಲ್ಲಿ 1985-86ರಿಂದ ದಿನಗೂಲಿಯ ಮೇಲೆ ದುಡಿಯುತ್ತಿದ್ದವರ ಖಾಯಮಾತಿಯ ಪ್ರಶ್ನೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು, 2006ರ ಏಪ್ರಿಲ್ 10ರಂದು, ಉಮಾದೇವಿ ಪ್ರಕರಣವೆಂದು ಪ್ರಸಿದ್ಧವಾದ ತೀರ್ಪಿನಲ್ಲಿ, ಎಲ್ಲರಿಗೂ ಸಮಾನ ಅವಕಾಶವಿರುವ ನೇಮಕದ ವಿಧಾನವನ್ನು ಬಿಟ್ಟು ಒಳಬಂದವರು ದೀರ್ಘಕಾಲ ದುಡಿದರೆಂಬ ಕಾರಣದಿಂದಲೇ ಖಾಯಂ ಹುದ್ದೆಯ ಹಕ್ಕನ್ನು ಪಡೆಯಲಾರರೆಂದು ಹೇಳಿತು. ಅಲ್ಲಿಂದೀಚೆಗೆ ಹಿಂಬಾಗಿಲಿನಿಂದ ಒಳಹೋಗುವವರಿಗೆ ಆಸೆ ತೋರಿಸುವುದು ಕ್ರೌರ್ಯಕ್ಕೆ ಸಮ. ನೆರೆಯ ಮಹಾರಾಷ್ಟ್ರದಲ್ಲಿ 2024ರಲ್ಲಿ ಯುವಜನರಿಗೆ ಕಾರ್ಯಪ್ರಶಿಕ್ಷಣ ಕೊಡುವ ಮುಖ್ಯಮಂತ್ರಿಗಳ ಯೋಜನೆ ಬಂದು, ಸರ್ಕಾರಿ ಕಚೇರಿಗಳಲ್ಲಿಯೂ ತರುಣರನ್ನು ವಿದ್ಯಾರ್ಹತೆಗೆ ತಕ್ಕಂತೆ 6,000ದಿಂದ 10,000 ರೂಪಾಯಿಯವರೆಗೆ ಕೊಟ್ಟು ಆರು ತಿಂಗಳಿಗೆಂದು ತೆಗೆದುಕೊಂಡರು. ಅವಧಿ ಮುಗಿದಾಗ ಅವರು ಬೀದಿಗಿಳಿದು ಕೆಲಸವನ್ನು ಖಾಯಂ ಮಾಡಿರೆಂದು ಕೇಳಿದರು. ಅವರನ್ನು ದೂರುವುದಕ್ಕೆ ನನಗೆ ಮನಸ್ಸಿಲ್ಲ. ಕಲಿಕೆ ಮುಗಿದ ಮೇಲೆ ಮುಂದಿನ ಮೆಟ್ಟಿಲು ಯಾವುದೆಂದು ಹೇಳದೆ ಮೊದಲ ಮೆಟ್ಟಿಲನ್ನು ಹತ್ತಿಸಿದರೆ ಯಾರಾದರೂ ಅಲ್ಲಿಯೇ ನಿಂತು ಕೂಗುವರು.

ಹಾಗಾದರೆ ಮುಂದಿನ ಮೆಟ್ಟಿಲು ಯಾವುದು? ಇದಕ್ಕೆ ಸರ್ವೋಚ್ಚ ನ್ಯಾಯಾಲಯವೇ 1995ರಲ್ಲಿ, ಉತ್ತರಪ್ರದೇಶದ ರಸ್ತೆ ಸಾರಿಗೆ ನಿಗಮದ ಶಿಶಿಕ್ಷುಗಳ ಪ್ರಕರಣದಲ್ಲಿ, ಸೂಕ್ಷ್ಮವಾದ ಒಂದು ದಾರಿಯನ್ನು ತೋರಿಸಿದೆ. ತರಬೇತಿ ಪಡೆದುದರಿಂದ ಕೆಲಸದ ಹಕ್ಕು ಹುಟ್ಟುವುದಿಲ್ಲ. ಆದರೆ ಉಳಿದ ಅರ್ಹತೆಗಳು ಸಮಾನವಾಗಿದ್ದಲ್ಲಿ ತರಬೇತಿ ಪಡೆದವರಿಗೆ ಆದ್ಯತೆ ಸಲ್ಲಬೇಕು, ವಯೋಮಿತಿಯಲ್ಲಿಯೂ ಅವರಿಗೆ ಸಡಿಲಿಕೆಯಿರಬೇಕು ಎಂಬುದು ಆ ತೀರ್ಪಿನ ಆಶಯ. ನಮ್ಮ ರಾಜ್ಯದ ನೇಮಕಾತಿ ನಿಯಮಗಳು ಈ ಆಶಯವನ್ನು ಸ್ಥಳೀಯ ಸಂಸ್ಥೆಗಳ ಹುದ್ದೆಗಳಿಗೆ ಅಕ್ಷರರೂಪದಲ್ಲಿ ಬರೆದುಕೊಂಡರೆ, ಮುಂಬಾಗಿಲು ಮುಂಬಾಗಿಲಾಗಿಯೇ ಉಳಿದು, ಅದರ ಹೊಸ್ತಿಲಿನ ಮುಂದೆ ಒಂದು ಜಗುಲಿ ಕಟ್ಟಿದಂತಾಗುವುದು. ಒಂದು ವರ್ಷದ ಅವಧಿ, ಅದಕ್ಕೆ ಒಂದು ದಿನವೂ ಮೀರದಿರುವುದು; ಪ್ರಕಟಣೆ ಹೊರಡಿಸಿ ಮೀಸಲಾತಿಯನ್ನು ಪಾಲಿಸಿ ಮಾಡಿದ ಆಯ್ಕೆ; ಮೊದಲ ದಿನವೇ ಕೈಗೆ ಕೊಟ್ಟ ಕರಾರಿನಲ್ಲಿ ಇದು ನೌಕರಿಯಲ್ಲವೆಂಬ ಸ್ಪಷ್ಟೋಕ್ತಿ; ಕಲಿಸುವ ಹೊಣೆಯನ್ನು ಹೊತ್ತ ಒಬ್ಬ ಹಿರಿಯ ನೌಕರನ ಹೆಸರು. ಇಷ್ಟು ಇದ್ದರೆ ಸಾಕೆಂದು ನನ್ನ ಅಭಿಪ್ರಾಯ. ಹಿರಿಯನ ಹೆಸರು ಇರಲೇಬೇಕು. ಹೆಸರಿಲ್ಲದ ಗುರುವಿನ ಬಳಿ ಬಿಟ್ಟ ಹುಡುಗನು ಜೆರಾಕ್ಸ್ ಯಂತ್ರದ ಬಳಿಯಲ್ಲೋ ಚಹಾ ತರುವ ದಾರಿಯಲ್ಲೋ ವರ್ಷವನ್ನು ಕಳೆದುಬರುವ ಸಂಭವವೇ ಹೆಚ್ಚು.

ಅಲ್ಲಿಯತನಕ ಮಾಚೇನಹಳ್ಳಿಯ ತರುಣರು ಸುಮ್ಮನೆ ಕೂಡಬೇಕಾಗಿಲ್ಲ. ಪದವಿ, ಡಿಪ್ಲೊಮಾ ಪಡೆದವರು ರಾಷ್ಟ್ರೀಯ ಶಿಶಿಕ್ಷು ತರಬೇತಿ ಯೋಜನೆಯ ಜಾಲತಾಣದಲ್ಲಿ ಹೆಸರನ್ನು ನೋಂದಾಯಿಸಿಕೊಂಡರೆ, ದಕ್ಷಿಣ ರಾಜ್ಯಗಳ ವ್ಯವಹಾರವನ್ನು ನೋಡಿಕೊಳ್ಳುವ ಚೆನ್ನೈಯ ಮಂಡಲಿಯ ಮೂಲಕ ಮೆಸ್ಕಾಂ, ಸಾರಿಗೆ ನಿಗಮ ಮೊದಲಾದ ಸಾರ್ವಜನಿಕ ಸಂಸ್ಥೆಗಳ ಕರೆಗಳು ತಿಳಿದುಬರುತ್ತವೆ, ಐ.ಟಿ.ಐ.ಯವರಿಗೆ ಬೇರೆಯೇ ಜಾಲತಾಣವಿದೆ, ಅವರ ಸಂಸ್ಥೆಯ ಪ್ರಾಚಾರ್ಯರನ್ನು ಕೇಳಿದರೆ ಹೇಳುವರು. ಇವು ಪಂಚಾಯತಿಯ ಕೆಲಸಗಳಲ್ಲದಿದ್ದರೂ, ಸಾರ್ವಜನಿಕರ ಹಣದಿಂದ ಸಾರ್ವಜನಿಕರ ಸೇವೆ ಹೇಗೆ ನಡೆಯುವುದೆಂಬ ಮೊದಲ ಪಾಠವು ಅಲ್ಲಿ ದೊರೆಯುವುದು. ಗ್ರಾಮಸಭೆಗೂ ವಾರ್ಡುಸಭೆಗೂ ತಪ್ಪದೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತು, ಜಮಾಬಂದಿಯ ದಿನ ಲೆಕ್ಕಪುಸ್ತಕಗಳನ್ನು ಎಲ್ಲರ ಮುಂದೆ ತೆರೆದಿಟ್ಟಾಗ ಒಂದೊಂದು ಬಾಬ್ತನ್ನೂ ಓದಿ, ತಿಳಿಯದುದನ್ನು ಕೇಳಿದರೆ, ಯಾವ ಶುಲ್ಕವೂ ಇಲ್ಲದ ಅರ್ಧ ತರಬೇತಿ ಅಲ್ಲಿಯೇ ಮುಗಿಯುವುದು. ಪರೀಕ್ಷೆಗೆ ಓದುವ ಹುಡುಗಿಯೊಬ್ಬಳು ಪಂಚಾಯತ್ ರಾಜ್ ಕಾಯಿದೆಯ ಪ್ರಕರಣಗಳನ್ನು ಬಾಯಿಪಾಠ ಮಾಡುವಾಗ, ತನ್ನ ಪಂಚಾಯತಿಯ ಆಯವ್ಯಯದ ಪ್ರತಿಯೊಂದನ್ನು ಪಕ್ಕದಲ್ಲಿಟ್ಟುಕೊಂಡು ಓದಿದರೆ, ಅವಳ ಉತ್ತರದಲ್ಲಿ ಜೀವ ಬರುವುದರಲ್ಲಿ ಸಂದೇಹವಿಲ್ಲ.

ಹಳೆಯ ಚಾಪೆಯ ಒಂದು ತುಂಡು ಇನ್ನೂ ಉಳಿದಿದೆಯೆಂಬುದನ್ನೂ ಹೇಳಬೇಕು. ಗ್ರಾಮ ಪಂಚಾಯತಿಯ ಬಿಲ್ ಕಲೆಕ್ಟರನು ಎರಡನೆಯ ದರ್ಜೆಯ ಕಾರ್ಯದರ್ಶಿಯಾಗಿ, ಅಲ್ಲಿಂದ ಮೊದಲನೆಯ ದರ್ಜೆಗೂ, ಅದೃಷ್ಟವೂ ಆಯುಸ್ಸೂ ಕೂಡಿಬಂದರೆ ಅಭಿವೃದ್ಧಿ ಅಧಿಕಾರಿಯ ಸ್ಥಾನಕ್ಕೂ ಏರಲು ನಿಯಮಗಳಲ್ಲಿ ಎಡೆಯಿದೆ. ಹೀಗೆ ಏರಿಬಂದು ನಿವೃತ್ತರಾದ ಹಿರಿಯರೊಬ್ಬರನ್ನು ನಾನು ಬಲ್ಲೆ. ತೆರಿಗೆಯ ರಸೀದಿ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಮನೆ ತಿರುಗುವುದರಿಂದ ಅವರ ಸೇವೆ ಪ್ರಾರಂಭವಾಗಿತ್ತು. ಪರೀಕ್ಷೆಯಿಂದ ಹೊಸದಾಗಿ ಬಂದ ಅಧಿಕಾರಿಗಳು ತಮ್ಮಲ್ಲಿ ಮೊದಲು ಏನನ್ನು ಕೇಳುತ್ತಿದ್ದರೆಂದು ವಿಚಾರಿಸಿದೆ. ಬಾಕಿಯ ಪಟ್ಟಿಯನ್ನು ಕೇಳುತ್ತಿದ್ದರಂತೆ. ‘ನಾನು ಪಟ್ಟಿ ಕೊಡ್ತಿರ್ಲಿಲ್ಲ ಸ್ವಾಮಿ. ಬನ್ನಿ ಸಾರ್, ಮೊದ್ಲು ಕೇರಿ ಒಂದು ಸುತ್ತು ಹಾಕಣ ಅಂತಿದ್ದೆ. ಯಾರ ಮನೇಲಿ ಯಾಕೆ ಬಾಕಿ ನಿಂತಿದೆ ಅನ್ನೋದು ಬಾಗ್ಲಲ್ಲಿ ನಿಂತ್ರೆ ತಿಳಿಯುತ್ತೆ, ಲೆಡ್ಜರಲ್ಲಿ ತಿಳಿಯಲ್ಲ’ ಎಂದರು. ಅವರ ಮಾತಿಗೆ ಒಪ್ಪಿ ಬಿಸಿಲಿನಲ್ಲಿ ಜೊತೆಗೆ ಹೊರಟವರು ಎಷ್ಟು ಮಂದಿ ಎಂದು ಕೇಳಿದೆ. ಹಿರಿಯರು ಬೆರಳು ಮಡಿಸಿ ಎಣಿಸತೊಡಗಿ, ಪ್ರತಿಯೊಬ್ಬರ ಹೆಸರನ್ನೂ, ಅವರು ಬಂದ ವರ್ಷವನ್ನೂ, ಮೊದಲ ದಿನ ಯಾರ ಮನೆಯ ಮುಂದೆ ನಿಂತು ಮಜ್ಜಿಗೆ ಕುಡಿದರೆಂಬುದನ್ನೂ ಹೇಳಿದರು.